ನಂಜುಂಡಪ್ಪನವರ ಹಡಗಿಗೆ ಒಂದು ಹುಟ್ಟು ಕಡಿಮೆ

ನಂಜುಂಡಪ್ಪನವರು ದೇವಸ್ಥಾನದಲ್ಲಿ ಕೊಟ್ಟ ತೀರ್ಥವನ್ನೂ ಒಂದು ಸಲ ಮೂಸಿ ನೋಡಿಯೇ ಬಾಯಿಗೆ ಬಿಟ್ಟುಕೊಳ್ಳುವ ಆಸಾಮಿ. ಅದಕ್ಕಾಗಿ ಅವರನ್ನು ದೂರಿ ಪ್ರಯೋಜನವಿಲ್ಲ. ಸಿಟಿ ಬಸ್ಸಿನಲ್ಲಿ ಮೊದಲು ಕಂಡಕ್ಟರಾಗಿ, ಆಮೇಲೆ ಚೆಕಿಂಗ್ ಇನ್ಸ್‌ಪೆಕ್ಟರಾಗಿ ಆಯಸ್ಸು ಸವೆಸಿದವರು. ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ಬಸ್ ಹತ್ತುವುದು, ಟಿಕೆಟ್ ಕೇಳುವ ಮೊದಲೇ ಮುಖಗಳ ಮೇಲೆ ಕಣ್ಣಾಡಿಸುವುದು, ಯಾರು ತಟಕ್ಕನೆ ಕಿಟಕಿಯ ಕಡೆ ತಿರುಗಿಕೊಂಡರು, ಯಾರು ಸುಮ್ಮಸುಮ್ಮನೆ ಜೇಬು ತಡಕಿದರು ಎಂದು ಗುರುತು ಮಾಡಿಕೊಳ್ಳುವುದು ಅವರ ಕಸುಬು. ರಿಟೈರ್ ಆದ ದಿನ ಹಾರ ಹಾಕಿ ಕಳಿಸಿದರು. ಹಾರ ಒಣಗಿತು, ಕಣ್ಣು ಮಾತ್ರ ಡ್ಯೂಟಿಯಿಂದ ಇಳಿಯಲಿಲ್ಲ. ಈಗಲೂ ಹೆಂಡತಿ ಯಶೋದಮ್ಮನ ಜೊತೆ ಬಸ್ಸಿನಲ್ಲಿ ಹೋದರೆ, ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್ಟನ್ನು ಆಕೆ ಇಳಿಯುವವರೆಗೂ ಕೈಯಲ್ಲೇ ಹಿಡಿದು ಕೂತಿರಬೇಕು. ಪರ್ಸಿನೊಳಗೆ ಹಾಕುವಂತಿಲ್ಲ.

ಅವರ ಮನೆ ಮಾರೇನಹಳ್ಳಿಯಲ್ಲಿ. ವಿಜಯನಗರ ಎನ್ನುವ ಹೆಸರು ಹುಟ್ಟುವ ಮೊದಲೇ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಅಪ್ಪ ಕಟ್ಟಿಸಿದ ನೆಲಮನೆಯ ಮೇಲೆ ನಂಜುಂಡಪ್ಪನವರು ಎರಡು ಅಂತಸ್ತು ಏರಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ತಾರಸಿಯ ಮೇಲೊಂದು ಶೀಟಿನ ರೂಮು. ಆ ತಾರಸಿಯ ಗೋಡೆಯ ಒಂದು ಮೂಲೆಗೆ ಇಂದಿಗೂ ಗಿಲಾವು ಇಲ್ಲ, ಇಟ್ಟಿಗೆಗಳು ಹಲ್ಲು ಕಿರಿದುಕೊಂಡು ನಿಂತಿವೆ. ಗಾರೆ ಮೇಸ್ತ್ರಿ ಕೆಲಸದ ಕೊನೆಯಲ್ಲಿ ಸಿಮೆಂಟ್ ಮೂಟೆ ಹೊಡೆದುಕೊಂಡು ಹೋದ ಎನ್ನುವುದು ನಂಜುಂಡಪ್ಪನವರ ಖಚಿತ ಅಭಿಪ್ರಾಯ. ಆ ಮೇಸ್ತ್ರಿ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತಾ, "ಪಾಪ, ಒಳ್ಳೆ ಕೆಲಸಗಾರ. ಆದರೂ ಆ ಸಿಮೆಂಟು ಎಲ್ಲಿ ಹೋಯ್ತು ಅಂತ ಹೇಳ್ದೇನೇ ಹೊರಟುಹೋದ," ಎಂದಿದ್ದರು. ಯಶೋದಮ್ಮ ತಟಕ್ಕನೆ ಎದ್ದು ಒಳಗೆ ಹೋಗಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. "ಎರಡು ಹಾಕಿದೀವಿ ಅಂತಾರೆ. ಎರಡೇ ಅಂತ ಒಳಗೆ ಇಣುಕಿ ಎಣಿಸಿದೋರು ಯಾರು?" ಎಂದು ಮಗ ಯೋಗಾನಂದನನ್ನು ಕೇಳಿ, ಅವನ ಕೈಯಲ್ಲಿ ಬೈಸಿಕೊಂಡರು. ಮನೆಯಲ್ಲಿ ಮಲಗಿದ್ದವರಿಗೆ ಹೊತ್ತು ಹೋಗದೆ ಮೊಮ್ಮಗಳು ಅಮೂಲ್ಯಾಳ ಸಮಾಜ ಪುಸ್ತಕ ತಿರುವುತ್ತಿದ್ದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಹಳೆಯ ಕಾಲದ ಗ್ರೀಕರ ಯುದ್ಧದ ಹಡಗು. ಟ್ರೈರೀಮ್ ಅಂತೆ. ಉದ್ದಕ್ಕೆ, ಸಪೂರಕ್ಕೆ, ಎರಡೂ ಪಕ್ಕದಲ್ಲಿ ಮೂರು ಮೂರು ಸಾಲು ಹುಟ್ಟುಗಳು. ಒಟ್ಟು ನೂರ ಎಪ್ಪತ್ತು ಜನ ಒಂದೇ ತಾಳಕ್ಕೆ ಹುಟ್ಟು ಹಾಕಿ ನೀರು ತಳ್ಳಬೇಕು. ಬೇರೆ ಯಾರಾದರೂ ಆಗಿದ್ದರೆ ಆಹಾ ಎಂದು ಪುಟ ಮಗುಚುತ್ತಿದ್ದರು. ನಂಜುಂಡಪ್ಪನವರು ಕನ್ನಡಕ ಸರಿಮಾಡಿಕೊಂಡು ಎದ್ದು ಕೂತರು.

"ಇಷ್ಟು ಜನದಲ್ಲಿ ನಿಜವಾಗಿ ಎಳೀತಿದ್ದೋನು ಯಾವನು, ಸುಮ್ನೆ ನೀರಲ್ಲಿ ಅದ್ದಿ ತೆಗೀತಿದ್ದೋನು ಯಾವನು ಅಂತ ಹೆಂಗೆ ಗೊತ್ತಾಗ್ತಿತ್ತು?"

ಅದು ಅವರನ್ನು ಹಿಡಿದ ಭೂತ. ತುಂಬಿದ ಬಸ್ಸಿನಲ್ಲಿ ಟಿಕೆಟ್ಟಿಲ್ಲದವನನ್ನು ಹುಡುಕಿದವರಿಗೆ ತುಂಬಿದ ಹಡಗಿನ ಮೈಗಳ್ಳ ಕಾಣದೆ ಹೋಗುತ್ತಾನೆಯೇ? ಮಗನಿಂದ ಮೊಬೈಲಿನಲ್ಲಿ ಹಡಗಿನ ನಕ್ಷೆ ಹುಡುಕಿಸಿ, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗಳಲ್ಲಿ ಪ್ರಿಂಟ್ ತೆಗೆಸಿದರು. ಒಂದಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಮರದ ಹಡಗು ಮಾಡುವುದೆಂದು ನಿಶ್ಚಯಿಸಿದರು. ಹಳೇ ಮನೆಯ ಸಾಗುವಾನಿ ಬಾಗಿಲುವಾಡವೊಂದು ಶೀಟಿನ ರೂಮಿನಲ್ಲಿ ಬಿದ್ದಿತ್ತು. ಅದನ್ನು ಸೀಳಿಸಿ ಹಡಗಿನ ಬೆನ್ನುಮೂಳೆ ಕೂರಿಸಿದ ದಿನ ಅವರ ಖುಷಿ ಹೇಳತೀರದು.

"ಇದೊಂದು ಪೂರ್ತಿ ಮುಗಿಸಿಬಿಟ್ರೆ ಸಾಕು ಕಣೇ," ಎಂದರು ಹೆಂಡತಿಗೆ. "ಆಮೇಲೆ ಯಮ ಬಂದು ಟಿಕೆಟ್ ಕೇಳಿದ್ರೂ ತೋರಿಸಿ ಇಳ್ಕೋತೀನಿ."

"ಬಿಡ್ತು ಅನ್ನಿ. ಎಂಥ ಮಾತಾಡ್ತೀರಿ," ಎಂದರು ಯಶೋದಮ್ಮ. ನಂಜುಂಡಪ್ಪನವರು ಬಿಡ್ತು ಅನ್ನಲಿಲ್ಲ, ಉಪ್ಪುಕಾಗದ ಎಲ್ಲಿ ಎಂದು ಕೇಳಿದರು.

ಉತ್ಸಾಹ ಇದ್ದರೆ ಸಾಲದು, ಕೈ ಬೇಕು. ಟಿಕೆಟ್ ಹರಿದ ಕೈಗೆ ಉಳಿ ಹಿಡಿಯುವುದು ಬರಲಿಲ್ಲ. ಆಗ ನೆನಪಾದವರು ಕುರುಬರಹಳ್ಳಿಯ ಸುಬ್ರಮಣಿ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣ ಎರಕ ಹೊಯ್ಯುವವರಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದ ಪ್ಯಾಟರ್ನ್ ಮೇಕರ್. ಇವರಿಬ್ಬರ ಸ್ನೇಹ ಶುರುವಾದದ್ದೇ ಒಂದು ತಪ್ಪಿನಿಂದ. ಬಹಳ ವರ್ಷದ ಹಿಂದೆ ಸುಬ್ರಮಣಿ ಟಿಕೆಟ್ ತೆಗೆದುಕೊಂಡ ಸ್ಟಾಪು ದಾಟಿ ಕೂತಿದ್ದಾಗ ಇನ್ಸ್‌ಪೆಕ್ಟರ್ ಕೈಗೆ ಸಿಕ್ಕಿದ್ದರು. ಸಿಕ್ಕಿದವರೆಲ್ಲ ಒಂದೊಂದು ಪುರಾಣ ಬಿಚ್ಚುತ್ತಾರೆ: ಚಿಲ್ಲರೆ ಇರಲಿಲ್ಲ, ಮಗುವಿಗೆ ಜ್ವರ, ಕಂಡಕ್ಟರ್ ಕೊಡಲಿಲ್ಲ. ಸುಬ್ರಮಣಿ ಮಾತ್ರ, "ನಿದ್ದೆ ಹತ್ಬಿಡ್ತು ಸಾರ್. ತಪ್ಪು ನಂದೇ," ಎಂದು ದಂಡ ಕಟ್ಟಿ ಇಳಿದುಹೋದರು. ಸರ್ವಿಸ್ಸಿನಲ್ಲಿ ನೆಪ ಹೇಳದ ಮನುಷ್ಯನನ್ನು ನೋಡಿದ್ದು ಅದೇ ಮೊದಲು ಎಂದು ನಂಜುಂಡಪ್ಪನವರು ಎಷ್ಟೋ ಜನರಿಗೆ ಹೇಳಿದ್ದರು. ಮುಂದಿನ ಸಲ ಕಂಡಾಗ ತಾವೇ ಮಾತಾಡಿಸಿದರು. ಜಗತ್ತಿನಲ್ಲಿ ಅವರು ಅನುಮಾನ ಪಡದೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ ಒಬ್ಬನೇ ಗೆಳೆಯ ಎಂದರೆ ಈತ.

ಸುಬ್ರಮಣಿ ಬಂದ ಮೇಲೆ ಹಡಗಿಗೆ ಜೀವ ಬಂತು. ಹಲಸಿನ ಮರದಲ್ಲಿ ಪಕ್ಕೆಲುಬು ಕೊಯ್ದರು. ತೆಳು ಹಲಗೆ ಬಗ್ಗಬೇಕಲ್ಲ, ಅದಕ್ಕೆ ಯಶೋದಮ್ಮನ ಕುಕ್ಕರಿನ ಸೀಟಿ ತೆಗೆದು, ಅಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿ, ತಗಡಿನ ಕೊಳವೆಯೊಳಗೆ ಹಬೆ ಬಿಟ್ಟು, ಹಲಗೆಯನ್ನು ಬೇಯಿಸಿ ಬೇಯಿಸಿ ಬಗ್ಗಿಸಿದರು. ಆ ದಿನಗಳಲ್ಲಿ ಮನೆಯ ಬೇಳೆಗೂ ಒಂದು ಥರ ಸಾಗುವಾನಿಯ ವಾಸನೆ. ಹಡಗಿನ ಮೂತಿಗೆ, ಶತ್ರುವಿನ ಹಡಗಿಗೆ ಗುದ್ದುವ ಲೋಹದ ಕೊಂಬಿಗೆ, ತೂತಾಗಿದ್ದ ತಾಮ್ರದ ಹಂಡೆಯನ್ನು ಕತ್ತರಿಸಿದರು. ಮುಂಭಾಗದ ಎರಡೂ ಕಡೆ ಕಣ್ಣು ಬರೆಯುವುದು ಗ್ರೀಕರ ಪದ್ಧತಿಯಂತೆ. ನಂಜುಂಡಪ್ಪನವರೇ ಬ್ರಷ್ ಹಿಡಿದು ಬರೆದರು. ಸ್ವಲ್ಪ ದುರುಗುಟ್ಟಿಕೊಂಡೇ ಬಂತು.

ಹುಟ್ಟುಗಳನ್ನೆಲ್ಲ ಸುಬ್ರಮಣಿ ಹಾಲೆ ಮರದಲ್ಲಿ ಕೆತ್ತಿದರು. ಒಂದೊಂದೂ ಹೊಸ ಪೆನ್ಸಿಲ್ಲಿನಷ್ಟು ಉದ್ದ, ತುದಿಯಲ್ಲಿ ಎಲೆಯಂತೆ ಚಪ್ಪಟೆ. ಹಡಗಿನ ಪಕ್ಕದ ತೂತುಗಳಿಗೆ ಸುಮ್ಮನೆ ಸಿಕ್ಕಿಸಿಟ್ಟಿದ್ದರು. ಎಲ್ಲವೂ ತಯಾರಾದ ಮೇಲೆ ಒಟ್ಟಿಗೆ ಅಂಟು ಹಾಕುವುದು ಎಂದು ಮಾತಾಗಿತ್ತು. ಒಂದು ಸಂಜೆ ಯೋಗಾನಂದ ಮೊಬೈಲ್ ನೋಡಿ ಹೇಳಿದ: "ಅಪ್ಪಾ, ಕೆಳಗಿನ ಸಾಲಲ್ಲಿ ಕೂತಿರೋರಿಗೆ ನೀರೇ ಕಾಣ್ತಿರ್ಲಿಲ್ವಂತೆ. ಮೇಲಿನ ಸಾಲಿನೋರಿಗೆ ಮಾತ್ರ ಹೊರಗಡೆ ಕಾಣ್ತಿತ್ತಂತೆ."

"ಮತ್ತೆ? ಕಳ್ಳರು ಅಲ್ಲೇ ಇರೋದು," ಎಂದರು ನಂಜುಂಡಪ್ಪ, ಕೇಸು ಪತ್ತೆಯಾದ ಸಂತೋಷದಿಂದ.

ಸುಬ್ರಮಣಿ ತಲೆ ಎತ್ತದೆ ಹುಟ್ಟು ಉಜ್ಜುತ್ತಲೇ, "ಕಾಣ್ದೇ ಇದ್ರೂ ಎಳೀತಿದ್ರಲ್ಲ ಇನ್ಸ್‌ಪೆಕ್ಟ್ರೇ. ಇಲ್ದಿದ್ರೆ ಹಡಗು ಹೆಂಗೆ ಹೋಗೋದು?" ಎಂದರು.

ನಂಜುಂಡಪ್ಪನವರಿಗೆ ಅದು ಉತ್ತರ ಅನ್ನಿಸಲಿಲ್ಲ.

ಹಡಗು ಇನ್ನೇನು ಮುಗಿಯಿತು ಎನ್ನುವಾಗ ಒಂದು ಬೆಳಗ್ಗೆ ಕೆಳಸಾಲಿನಲ್ಲಿ ಎರಡು ತೂತು ಖಾಲಿ ಕಂಡವು. ಬಿದ್ದಿರಬೇಕು ಎಂದು ನೆಲ ಗುಡಿಸಿದರು, ಸಿಗಲಿಲ್ಲ. ಸುಬ್ರಮಣಿ ಬೇರೆ ಕೆತ್ತಿಕೊಟ್ಟರು. ವಾರ ಕಳೆದು, ನಾಳೆ ಅಂಟು ಹಾಕೋಣ ಎಂದು ಮಾತಾಡಿಕೊಂಡ ಮರುದಿನ ನೋಡಿದರೆ ಮತ್ತೆ ಮಾಯ. ಈ ಸಲ ನಂಜುಂಡಪ್ಪನವರು ನೆಲ ಗುಡಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ರೂಮನ್ನು ಒಂದು ಸುತ್ತು ಹಾಕಿದರು. ಎದೆನೋವು ಬಂದ ಮೇಲೆ ಮೊದಲ ಸಲ ಮೈಗೆ ಹಳೆಯ ಹುರುಪು ಬಂತು.

ಅನುಮಾನ ಎನ್ನುವುದು ಅವರ ಮನೆಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸಿದ ಊಟ. ಎರಡನೇ ಅಂತಸ್ತಿನ ಬಾಡಿಗೆಯ ಹುಡುಗ ತಾರಸಿಗೆ ಫೋನಿನಲ್ಲಿ ಮಾತಾಡಲು ಬರುತ್ತಾನೆ. ಮನೆಯೊಳಗೆ ಮಾತಾಡಬಾರದ ಮಾತು ಏನಿರಬಹುದು? ನೀರಿನ ಫಿಲ್ಟರ್ ರಿಪೇರಿಯವನು ಮೇಲಿನ ಟ್ಯಾಂಕ್ ನೋಡಬೇಕು ಎಂದಿದ್ದ, ಯಾಕೆ? ಅಮೂಲ್ಯಾಳ ಜಡೆಯಲ್ಲಿ ಒಂದು ದಿನ ಮರದ ಕಡ್ಡಿ ಕಂಡು, ಕರೆದು, ಬಿಚ್ಚಿಸಿ ನೋಡಿದರು. ಅದು ಚೈನೀಸ್ ಹೋಟೆಲಿನಲ್ಲಿ ನೂಡಲ್ಸ್ ತಿನ್ನಲು ಕೊಡುವ ಕಡ್ಡಿ. "ತಾತ, ನೀವು ನನ್ಮೇಲೂ ಡೌಟ್ ಪಡ್ತೀರಾ?" ಎಂದು ಹುಡುಗಿ ಮೂರು ದಿನ ಮಾತು ಬಿಟ್ಟಳು. ರೂಮಿಗೆ ಬೀಗ ಹಾಕಿ ಎಂದು ಮಗ ಹೇಳಿದ್ದಕ್ಕೆ, "ಬೀಗ ಹಾಕಿದ್ರೆ ಕಳ್ಳ ಬರಲ್ಲ ಕಣೋ. ತೆಗೆದಿಟ್ರೆ ತಾನೇ ಸಿಗ್ತಾನೆ," ಎಂದರು.

ಯಶೋದಮ್ಮನ ಮೇಲೆ ಮಾತ್ರ ಅವರ ಕಣ್ಣು ಹೋಗಲಿಲ್ಲ. ಆಕೆಗೆ ಮಂಡಿನೋವು. ಬಟ್ಟೆ ಒಣಹಾಕಲು, ಮೆಣಸಿನಕಾಯಿ ಹರವಲು, ಕಾಫಿ ಕೊಡಲು ಅಷ್ಟೇ ಮೇಲೆ ಬರುತ್ತಿದ್ದರು. ಹಡಗಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹುಟ್ಟಿಗೂ ಮುದ್ದೆ ಕೋಲಿಗೂ ವ್ಯತ್ಯಾಸ ಗೊತ್ತಿಲ್ಲದವಳು ಎಂದು ಅವರು ಆಕೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದನ್ನು ನಂಬಿಕೆ ಎಂದು ಕರೆಯಬೇಕೋ, ಉಡಾಫೆ ಎಂದು ಕರೆಯಬೇಕೋ, ಓದಿದವರೇ ಹೇಳಲಿ.

ಹಾಗಾದರೆ ಉಳಿದವರು ಯಾರು? ಈ ಪ್ರಶ್ನೆ ಒಂದು ಮಧ್ಯಾಹ್ನ ನಂಜುಂಡಪ್ಪನವರ ತಲೆಯೊಳಗೆ ತಾನಾಗಿಯೇ ಬಂದು ಕೂತಿತು. ರೂಮಿನಲ್ಲಿ ದಿನಾ ಗಂಟೆಗಟ್ಟಲೆ ಇರುವವನು ಒಬ್ಬನೇ. ಬರುವಾಗ ಖಾಕಿ ಕ್ಯಾನ್ವಾಸ್ ಬ್ಯಾಗು, ಹೋಗುವಾಗಲೂ ಅದೇ ಬ್ಯಾಗು. ಕೆಲಸ ಮುಗಿದರೆ ಅವನಿಗೆ ಇಲ್ಲಿ ಏನು ಕೆಲಸ? ಮಧ್ಯಾಹ್ನದ ಕಾಫಿ, ಮಾತು, ಹೊತ್ತು ಹೋಗುವುದು, ಎಲ್ಲ ನಿಂತುಹೋಗುತ್ತದೆ. ಅದಕ್ಕೇ ಮುಗಿಯಬಾರದು ಎಂದು ಕದಿಯುತ್ತಿದ್ದಾನೆ. ಎಷ್ಟು ಸರಿಯಾಗಿ ಕೂಡಿಬಂತೆಂದರೆ ಅವರಿಗೇ ಸಂಕಟವಾಯಿತು. ಸಂಕಟವಾದರೂ ತಳ್ಳಿಹಾಕಲಿಲ್ಲ.

ಎರಡು ದಿನದ ಮೇಲೆ, ಸುಬ್ರಮಣಿ ಮೇಲೆ ಕೆಲಸ ಮಾಡುತ್ತಿದ್ದಾಗ, ಕೊರಿಯರಿನವನು ಕೂಗಿದನೆಂದು ನಂಜುಂಡಪ್ಪನವರು ಕೆಳಗಿಳಿದರು. ಇಳಿಯುವ ಮೊದಲು ಹುಟ್ಟುಗಳ ಮೇಲೆ ಕಣ್ಣಾಡಿಸಿದ್ದರು. ಹತ್ತಿ ಬಂದಾಗ ಯಶೋದಮ್ಮ ಕಾಫಿ ಇಟ್ಟು ಬಾಗಿಲ ಬಳಿ ನಿಂತಿದ್ದರು, ಸುಬ್ರಮಣಿ ಬಗ್ಗಿ ಮರ ಉಜ್ಜುತ್ತಿದ್ದರು. ಕೆಳಸಾಲಿನಲ್ಲಿ ಒಂದು ತೂತು ಖಾಲಿ. ನಂಜುಂಡಪ್ಪನವರು ಕಾಫಿ ಕುಡಿದರು, ಹವಾಮಾನದ ಮಾತಾಡಿದರು. ಸಂಜೆ ಸುಬ್ರಮಣಿ ಬಾಗಿಲಿಗೆ ನೇತುಹಾಕಿದ್ದ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದು ಹೊರಟಾಗ, ಗೇಟಿಗೆ ಕೈ ಅಡ್ಡ ಹಿಡಿದರು.

"ಒಂದ್ನಿಮಿಷ. ಬ್ಯಾಗ್ ತೋರ್ಸಿ."

ಸುಬ್ರಮಣಿ ಗೆಳೆಯನ ಮುಖ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಯಶೋದಮ್ಮನ ಕಡೆ ನೋಡಿದರು. ಬ್ಯಾಗು ಇಳಿಸಿ ಕೊಟ್ಟರು. ಉಳಿ, ಅರ, ನೀರಿನ ಬಾಟಲಿ, ಮಡಿಸಿದ ಟವೆಲ್ಲು. ಟವೆಲ್ಲಿನ ಪಕ್ಕದಲ್ಲಿ ಒಂದು ಹುಟ್ಟು.

ಬಾಡಿಗೆಯ ಹುಡುಗ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಎದುರು ಮನೆಯವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದ್ದರು. ನಂಜುಂಡಪ್ಪನವರು ಹುಟ್ಟನ್ನು ಎತ್ತಿ ಹಿಡಿದು, ಹಿಂದೆ ಟಿಕೆಟ್ಟಿಲ್ಲದವರನ್ನು ಇಳಿಸುತ್ತಿದ್ದ ದನಿಯಲ್ಲೇ ಹೇಳಿದರು: "ನಾಳೆಯಿಂದ ಬರೋದು ಬೇಡ."

ಸುಬ್ರಮಣಿ ಒಂದು ನೆಪವನ್ನೂ ಹೇಳಲಿಲ್ಲ. ಉಳಿ, ಅರ ಒಂದೊಂದಾಗಿ ಒಳಗಿಟ್ಟುಕೊಂಡು, ಬ್ಯಾಗಿನ ಬಕಲ್ ಹಾಕಿ, ಗೇಟು ಮುಚ್ಚಿಕೊಂಡು ಹೋದರು. ಕಳ್ಳನಿಗೆ ಬಾಯಿಲ್ಲ ಎಂದುಕೊಂಡರು ನಂಜುಂಡಪ್ಪ. ಬಸ್ಸಿನ ದಿನದ ಮಾತು ಅವರಿಗೆ ಆಗ ನೆನಪಾಗಲೇ ಇಲ್ಲ.

ಆಮೇಲೆ ಹಡಗಿನ ಕೆಲಸ ಅವರೊಬ್ಬರದೇ ಆಯಿತು. ಕೆತ್ತಿದ ಹುಟ್ಟುಗಳು ಕಡಗೋಲಿನಂತೆ ಬಂದವು. ಮಧ್ಯಾಹ್ನದ ಕಾಫಿಗೆ ಎದುರು ಕೂರಲು ಯಾರೂ ಇಲ್ಲ. ಯಶೋದಮ್ಮ ಕಾಫಿ ಇಟ್ಟು ಬಂದ ಕಾಲಲ್ಲೇ ಇಳಿದುಹೋಗುತ್ತಿದ್ದರು. ಆಕೆಯೂ ಆ ದಿನದಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ; ಮಂಡಿನೋವು ಜಾಸ್ತಿಯಾಗಿರಬೇಕು ಎಂದುಕೊಂಡರು ಇವರು. ಹೇಗೋ ಕುಂಟಿಸಿ ಕುಂಟಿಸಿ ಕೊನೆಯ ತೂತಿಗೂ ಹುಟ್ಟು ಸಿಕ್ಕಿಸಿ, "ನಾಳೆ ಅಂಟು ಹಾಕಿದ್ರೆ ಮುಗೀತು," ಎಂದು ಊಟದ ಹೊತ್ತಿನಲ್ಲಿ ಹೇಳಿ ಮಲಗಿದರು.

ಬೆಳಗ್ಗೆ ಒಂದು ಹುಟ್ಟು ಇರಲಿಲ್ಲ.

ಆ ಖಾಲಿ ತೂತಿಗೆ ನಂಜುಂಡಪ್ಪನವರು ಬೆರಳಿಟ್ಟು ನೋಡಿದರು. ಸುಬ್ರಮಣಿ ಈ ಕಡೆ ಕಾಲಿಟ್ಟು ತಿಂಗಳ ಮೇಲಾಗಿತ್ತು. ಅವರಿಗೆ ಹೆದರಿಕೆಯಾಯಿತು. ಕಳ್ಳ ಮನೆಯಲ್ಲಿದ್ದಾನೆ ಎನ್ನುವುದಕ್ಕಿಂತ, ಕಳ್ಳನಲ್ಲದವನನ್ನು ಬೀದಿಯಲ್ಲಿ ನಿಲ್ಲಿಸಿ ಬ್ಯಾಗು ಬಿಚ್ಚಿಸಿದೆನೇ ಎನ್ನುವ ಹೆದರಿಕೆ. ಆದರೆ ಹುಟ್ಟು ಸಿಕ್ಕಿತ್ತಲ್ಲ, ಕೈಯಲ್ಲೇ ಸಿಕ್ಕಿತ್ತಲ್ಲ?

ಅವರಿಗೊಂದು ಹಳೇ ಉಪಾಯ ಗೊತ್ತಿತ್ತು. ಒಂದು ಕಾಲದಲ್ಲಿ ಕಂಡಕ್ಟರುಗಳು ಬರೆಯುತ್ತಿದ್ದ ಕಾಪಿಂಗ್ ಪೆನ್ಸಿಲ್ ಎಂದರೆ, ಒಣಗಿದ್ದಾಗ ಬೂದಿ ಬಣ್ಣ, ನೀರು ತಾಕಿದರೆ ಕಡುನೇರಳೆ, ಎಷ್ಟು ತಿಕ್ಕಿದರೂ ಹೋಗದ ಬಣ್ಣ. ಅವರು ಕಂಡಕ್ಟರಾಗಿದ್ದಾಗ ಡಿಪೋದಲ್ಲಿ ಯಾರೋ ದಿನಾ ಬೇರೆಯವರ ಬುತ್ತಿಯಿಂದ ಬೇಯಿಸಿದ ಮೊಟ್ಟೆ ಎಗರಿಸುತ್ತಿದ್ದರು. ನಂಜುಂಡಪ್ಪ ಆ ಪೆನ್ಸಿಲ್ಲಿನ ಪುಡಿಯನ್ನು ಬುತ್ತಿಯ ಹಿಡಿಗೆ ಸವರಿಟ್ಟು, ಕೈ ತೊಳೆದವನ ನೇರಳೆ ಬೆರಳು ಹಿಡಿದು ಎಲ್ಲರಿಗೂ ತೋರಿಸಿದ್ದರು. ಟ್ರಂಕಿನ ತಳದಲ್ಲಿ ಅಂಥದೊಂದು ಪೆನ್ಸಿಲ್ಲಿನ ತುಂಡು ಇನ್ನೂ ಇತ್ತು. ಪುಡಿ ಮಾಡಿ ಕೆಳಸಾಲಿನ ಹುಟ್ಟುಗಳಿಗೆ ಹದವಾಗಿ ಸವರಿದರು. ಖಾಲಿ ತೂತಿಗೂ ಒಂದು ಕೆತ್ತಿ ಸಿಕ್ಕಿಸಿದರು. ಕೆಳಗೆ ಬಂದು, ಎಲ್ಲರ ಕಿವಿಗೂ ಬೀಳುವಂತೆ, "ಹಡಗು ರೆಡಿ. ಇವತ್ತು ಸಂಜೆ ಅಂಟು," ಎಂದರು.

ಮಧ್ಯಾಹ್ನ ಊಟಕ್ಕೆ ಕೂತರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸೊಪ್ಪಿನ ಸಾರು ಘಮಘಮ ಎನ್ನುತ್ತಿತ್ತು. ಯಶೋದಮ್ಮ ಒದ್ದೆ ಕೈಯಲ್ಲಿ ಮುದ್ದೆ ಉಂಡೆ ಕಟ್ಟಿ ತಟ್ಟೆಗೆ ಹಾಕಿದರು. ಬಿಸಿ ಮುದ್ದೆಯ ನೆತ್ತಿಯ ಮೇಲೆ ನೇರಳೆಯ ಒಂದು ಹೆಬ್ಬೆಟ್ಟಿನ ಗುರುತು.

"ಏನೋ ಬಣ್ಣ ಅಂಟ್ಕೊಂಬಿಟ್ಟೈತೆ ಕಣ್ರೀ," ಎಂದು ಆಕೆಯೇ ಎರಡೂ ಅಂಗೈ ಚಾಚಿ ತೋರಿಸಿದರು. "ಹುಣಸೆಹಣ್ಣು ಹಾಕಿ ತಿಕ್ದೆ, ಸೋಪು ಹಾಕ್ದೆ. ತೊಳ್ದಷ್ಟೂ ಜಾಸ್ತಿ ಆಗ್ತೈತೆ. ವಿಷ ಗಿಷ ಅಲ್ಲ ತಾನೆ? ಬೇಡ, ಆ ಮುದ್ದೆ ತಿನ್ಬೇಡಿ, ಬೇರೆ ಕಟ್ತೀನಿ."

ಮೊಟ್ಟೆಯ ಕಳ್ಳ ಸಿಕ್ಕಿಬಿದ್ದಾಗ ನಂಜುಂಡಪ್ಪನವರು ಗಟ್ಟಿಯಾಗಿ ನಕ್ಕಿದ್ದರು. ಈಗ ನಗು ಬರಲಿಲ್ಲ. ಈ ಕೈ ತಮ್ಮನ್ನು ಆಸ್ಪತ್ರೆಯಲ್ಲಿ ಹಿಡಿದು ಎಬ್ಬಿಸಿದ ಕೈ.

"ಮೇಲೆ ಹೋಗಿದ್ಯಾ?"

"ಮೆಣಸಿನಕಾಯಿ ತರಕ್ಕೆ."

"ಹುಟ್ಟು ಎಲ್ಲಿ, ಯಶೋದಾ?"

ಯಶೋದಮ್ಮ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ದೇವರ ಕೋಣೆಗೆ ಹೋಗಿ, ಮನೆದೇವರ ಪಟದ ಹಿಂದಿನಿಂದ ಅರಿಶಿನದ ಬಟ್ಟೆಯ ಗಂಟೊಂದನ್ನು ತಂದು ಮುಂದಿಟ್ಟರು. ಹರಕೆ ಹೊತ್ತವರು ಕಾಸು ಕಟ್ಟಿಡುವ ಮುಡಿಪಿನ ಗಂಟು. ಬಿಚ್ಚಿದರೆ ಕಾಸಿನ ಜೊತೆಗೆ ಹುಟ್ಟುಗಳು, ಒಂದೊಂದಕ್ಕೂ ಕುಂಕುಮ.

"ಮುಗಿದ್ರೆ ಇಳ್ಕೋತೀನಿ ಅಂದ್ರಲ್ಲ," ಎಂದರು ಯಶೋದಮ್ಮ. "ಬಿಡ್ತು ಅನ್ನಿ ಅಂದೆ. ಅನ್ಲಿಲ್ಲ ನೀವು. ನಾನೇನು ಮಾಡ್ಲಿ? ಅದು ಮುಗೀಬಾರ್ದು, ಅಷ್ಟೇ."

"ತಲೆ ಕೆಟ್ಟಿದ್ಯೇನೇ? ಬಾಯ್ಮಾತಿಗೆ ಅಂದಿದ್ದು..."

"ಮಾವನೋರು ಈ ಮನೆ ಕಟ್ಟಿಸಿ, ಇನ್ನೇನೂ ಬಾಕಿ ಇಲ್ಲಪ್ಪ, ಎಲ್ಲಾ ಮುಗೀತು ಅಂತ ಪೇಟ ಸುತ್ಕೊಂಡು ಗೃಹಪ್ರವೇಶಕ್ಕೆ ಕೂತಿದ್ರು. ತಿಂಗಳು ತುಂಬ್ತಾ? ಹೋಗೇಬಿಟ್ರು. ನೀವು ಮೇಲ್ಗಡೆ ಕಟ್ಟಿಸ್ದಾಗ ನಾನೇ ಮೇಸ್ತ್ರಿಗೆ ಹೇಳಿ ಆ ಮೂಲೆ ಬಿಡಿಸ್ದೆ. ಉಳಿದ ಸಿಮೆಂಟು ಅವನ ಕೈಲೇ ಗುಡೀಗೆ ಕಳಿಸ್ದೆ. ಯಾರಿಗೂ ಹೇಳ್ಬೇಡ ಅಂದಿದ್ದೆ. ನೀವು ಅವನ್ನ ಕಳ್ಳ ಅಂದ್ರಿ, ಅವನು ಸಾಯೋವರ್ಗೂ ಬಾಯಿ ಬಿಡ್ಲಿಲ್ಲ."

ಇಷ್ಟು ವರ್ಷ ಹಲ್ಲು ಕಿರಿಯುತ್ತಿದ್ದ ಇಟ್ಟಿಗೆಗಳು ನಂಜುಂಡಪ್ಪನವರ ಕಣ್ಣ ಮುಂದೆ ಬಂದವು. ಆದರೆ ಕೇಳಬೇಕಾದ ದೊಡ್ಡ ಪ್ರಶ್ನೆ ಇನ್ನೊಂದಿತ್ತು.

"ಸುಬ್ರಮಣಿ ಬ್ಯಾಗಲ್ಲಿ ಇತ್ತಲ್ಲ?"

ಆಗ ಯಶೋದಮ್ಮ ಅತ್ತರು. ಸೆರಗಿಲ್ಲ, ನೈಟಿಯ ತೋಳಿನಲ್ಲೇ ಮೂಗು ಒರೆಸಿಕೊಂಡರು. "ಅವತ್ತು ಕೈಗೆ ತಗೊಂಡಿದ್ದೆ, ನೀವು ಹತ್ತಿ ಬರೋ ಸದ್ದಾಯ್ತು. ಸೀರೆ ಆಗಿದ್ರೆ ಸೊಂಟಕ್ಕೆ ಸಿಗಿಸ್ಕೋತಿದ್ದೆ. ಈ ನೈಟೀಲಿ ಎಲ್ಲಿ ಬಚ್ಚಿಟ್ಕೊಳ್ಳಲಿ? ಬಾಗಿಲಲ್ಲಿ ಅವರ ಬ್ಯಾಗಿತ್ತು, ಹಾಕ್ಬಿಟ್ಟೆ. ಅವ್ರು ನೋಡಿದ್ರು ಕಣ್ರೀ. ತಿರುಗಿ ನೋಡಿ, ಏನೂ ಅನ್ದೆ ಮರ ಉಜ್ಜಕ್ಕೆ ಶುರು ಮಾಡಿದ್ರು. ಗೇಟಲ್ಲಿ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳ್ಲಿಲ್ಲ. ನನಗೂ ಬಾಯಿ ಬರ್ಲಿಲ್ಲ. ಮಾರನೇ ದಿನ ಅವರ ಮನೆಗೆ ಹೋಗಿ, ಯಾಕೆ ಹಂಗೆ ಮಾಡ್ದೆ ಅಂತ ಹೇಳಿ ಕೈ ಮುಗ್ದೆ. 'ಬಿಡಿ ಅಕ್ಕ, ನಾನು ಹೇಳಲ್ಲ. ಹಡಗು ನಿಂತ್ರೆ ನಿಲ್ಲಲಿ, ಅವ್ರು ಇರ್ಲಿ,' ಅಂದ್ರು."

ಮುದ್ದೆ ತಣ್ಣಗಾಯಿತು. ನಂಜುಂಡಪ್ಪನವರಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು, ಬಂದಷ್ಟೇ ವೇಗದಲ್ಲಿ ಇಳಿಯಿತು. ಆಕೆ ಹೆದರಿಕೆಯಿಂದ ಮಾಡಿದಳು. ಸುಬ್ರಮಣಿ ಮರ್ಯಾದೆ ಕಳೆದುಕೊಂಡು ಸುಮ್ಮನಿದ್ದ. ತಾವು ಮಾತ್ರ ಎಲ್ಲವನ್ನೂ ನೋಡುತ್ತಾ, ಎಣಿಸುತ್ತಾ, ಏನನ್ನೂ ಕಾಣದೆ ಕೂತಿದ್ದರು. ಅವರಿಗೆ ನಾಚಿಕೆಯಾಯಿತು. ನೇರಳೆ ಗುರುತಿನ ಮುದ್ದೆಯನ್ನೇ ಮುರಿದು, ಸಾರಿಗೆ ಅದ್ದಿ ನುಂಗಿ, ಕೈ ತೊಳೆದು ಎದ್ದರು.

"ಬೇಡ ಅಂದ್ನಲ್ಲ, ವಿಷ ಇದ್ರೆ?" ಎಂದರು ಯಶೋದಮ್ಮ ಗಾಬರಿಯಲ್ಲಿ.

"ಪೆನ್ಸಿಲ್ ಅದು. ನಾನೇ ಸವರಿದ್ದು," ಎಂದು ಅರಿಶಿನದ ಗಂಟನ್ನು ಕೈಚೀಲಕ್ಕೆ ಹಾಕಿಕೊಂಡು ಕುರುಬರಹಳ್ಳಿಯ ಬಸ್ ಹತ್ತಿದರು.

ಬಾಗಿಲು ತೆಗೆದವರು ಸುಬ್ರಮಣಿಯ ಹೆಂಡತಿ ಕಮಲಾಕ್ಷಮ್ಮ. ಇವರನ್ನು ನೋಡಿ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾಗಿಲು ತೆರೆದಿಟ್ಟು ಅಡುಗೆಮನೆಗೆ ಹೋದರು. ಸುಬ್ರಮಣಿ ನಡುಮನೆಯಲ್ಲಿ ಒಂದು ಮಣೆಗೆ ಕಾಲು ಜೋಡಿಸುತ್ತಾ ಕೂತಿದ್ದವರು, ತಲೆ ಎತ್ತಿ ನೋಡಿ, ಮತ್ತೆ ಮಣೆಯ ಕಡೆ ತಿರುಗಿಕೊಂಡರು.

"ಗೊತ್ತಾಯ್ತು," ಎಂದರು ನಂಜುಂಡಪ್ಪ, ನಿಂತುಕೊಂಡೇ. "ಎಲ್ಲಾ ಹೇಳಿದ್ಲು."

"ಅಕ್ಕನ್ನ ಬೈಲಿಲ್ಲ ತಾನೆ?"

"ಇಲ್ಲ. ನೀವು ಅವತ್ತು ಒಂದು ಮಾತು ಹೇಳ್ಬಹುದಿತ್ತು, ಸುಬ್ರಮಣಿ."

"ಹೇಳ್ಬಹುದಿತ್ತು. ಕೇಳಿದ್ರೆ." ಸುಬ್ರಮಣಿ ಸುತ್ತಿಗೆ ಕೆಳಗಿಟ್ಟರು. "ಬ್ಯಾಗ್ ಬಿಚ್ಚಿಸಿದ್ದಕ್ಕೆ ನಂಗೆ ಬೇಜಾರಿಲ್ಲ. ಅದು ನಿಮ್ಮ ಜಾಯಮಾನ. ಸಿಕ್ಕ ಮೇಲೆ, ಯಾಕಪ್ಪ ಹಿಂಗೆ ಅಂತ ಒಂದು ಮಾತು ಕೇಳ್ಬೇಕಿತ್ತು. ದಾರಿ ಮೇಲೆ ಸಿಕ್ಕ ಪ್ಯಾಸೆಂಜರ್ನೂ ಕೇಳ್ತಿದ್ರಿ, ನನ್ನ ಕೇಳ್ಲಿಲ್ಲ."

ನಂಜುಂಡಪ್ಪನವರು ಮಣೆಯ ಎದುರು ನೆಲದ ಮೇಲೆ ಕೂತರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಧೊಪ್ಪೆಂದು ಕೂರಬಾರದು. ತಮ್ಮ ಕೈಚೀಲವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

"ಚೆಕ್ ಮಾಡಿ."

ಸುಬ್ರಮಣಿ ಬೇಡ ಎನ್ನುತ್ತಾರೆ ಎಂದು ಅವರು ಒಳಗೊಳಗೇ ಎಣಿಸಿದ್ದರೋ ಏನೋ. ಸುಬ್ರಮಣಿ ಬೇಡ ಎನ್ನಲಿಲ್ಲ. ಚೀಲ ತೆಗೆದುಕೊಂಡು, ಕನ್ನಡಕ, ಮಾತ್ರೆಯ ಪಟ್ಟಿ, ಬಸ್ ಟಿಕೆಟ್ಟು, ಎಲ್ಲವನ್ನೂ ಒಂದೊಂದಾಗಿ ಹೊರಗಿಟ್ಟು, ಟಿಕೆಟ್ಟನ್ನು ಬೆಳಕಿಗೆ ಹಿಡಿದು ಕೂಡ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಕಮಲಾಕ್ಷಮ್ಮ ನಿಂತು ನೋಡುತ್ತಿದ್ದರು. ನಂಜುಂಡಪ್ಪನವರ ಕಿವಿ ಬಿಸಿಯಾಯಿತು. ಬೀದಿಯಲ್ಲಿ ನಿಂತು ಇದನ್ನು ಅನುಭವಿಸುವುದು ಹೇಗಿರುತ್ತದೆ ಎಂದು ಅವರಿಗೆ ತಿಳಿಯಿತು. ಕೊನೆಗೆ ಅರಿಶಿನದ ಗಂಟು ಬಂತು.

"ಇದ್ರಲ್ಲಿ ಒಂದು ನೀವಿಟ್ಕೊಳ್ಳಿ," ಎಂದರು ನಂಜುಂಡಪ್ಪ. "ಮಿಕ್ಕಿದ್ದನ್ನ ಇಬ್ರೂ ಸೇರಿ ಅಂಟಿಸೋಣ, ಬನ್ನಿ. ಆದ್ರೆ ಇದೊಂದು ವಾಪಸ್ ಕೊಡ್ಬೇಡಿ. ನಾನೇ ಬಂದು ಕೇಳಿದ್ರೂ ಕೊಡ್ಬೇಡಿ. ಹಡಗಿಗೆ ಒಂದು ಹುಟ್ಟು ಕಮ್ಮಿನೇ ಇರ್ಲಿ."

"ನೀವು ಇದನ್ನೆಲ್ಲ ನಂಬ್ತೀರಾ ಇನ್ಸ್‌ಪೆಕ್ಟ್ರೇ?"

"ಇಲ್ಲ. ಅವಳು ನಂಬ್ತಾಳೆ."

ಸುಬ್ರಮಣಿ ಹುಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ತಾವೇ ಕೆತ್ತಿದ ಒಂದನ್ನು ಆರಿಸಿದರು. "ಕೆಳಗಿನ ಸಾಲಿಂದು," ಎಂದರು. ಕಡಗೋಲಿನಂತಿದ್ದ ಇನ್ನೊಂದನ್ನು ಎತ್ತಿ ಹಿಡಿದು, "ಇದ್ಯಾರು ಮಾಡಿದ್ದು? ಮಜ್ಜಿಗೆ ಕಡೆಯಕ್ಕಾ?" ಎಂದು ಮೊದಲ ಸಲ ನಕ್ಕರು. ಆಮೇಲೆ ಆರಿಸಿದ್ದನ್ನು ಹಿಡಿದುಕೊಂಡು ಒಳಗಿನ ಕೋಣೆಗೆ ಹೋದರು. ಏನೋ ತೆರೆದ ಸದ್ದು, ಮುಚ್ಚಿದ ಸದ್ದು. ಕಬ್ಬಿಣದ ಬೀರುವೋ, ಮಂಚದ ಕೆಳಗಿನ ಪೆಟ್ಟಿಗೆಯೋ, ಸದ್ದಿನಲ್ಲೇ ಹೇಳಬಲ್ಲ ಕಿವಿ ನಂಜುಂಡಪ್ಪನವರದು. ಅವರು ಮಣೆಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡು, ಅದು ಗಟ್ಟಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸುತ್ತಾ ಕೂತರು. ಸುಬ್ರಮಣಿ ಬರಿಗೈಯಲ್ಲಿ ವಾಪಸ್ ಬಂದರು. ಎಲ್ಲಿಟ್ಟಿರಿ ಎಂದು ನಂಜುಂಡಪ್ಪನವರು ಕೇಳಲಿಲ್ಲ.

ಕಮಲಾಕ್ಷಮ್ಮ ಕಾಫಿ ತಂದು ಮುಂದೆ ಕುಕ್ಕಿದರು. ಆಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಂಜುಂಡಪ್ಪನವರು ಲೋಟ ಎತ್ತಿ, ಮೂಸದೆ, ಗಟಗಟನೆ ಕುಡಿದರು.